ವೀಣೆಗೆ ಮೇಳ ಕಟ್ಟುವ ಕೆಲಸ



ನಮ್ಮ ಹಾಸನ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲೋ ಬೀರುವಿನ ಮೇಲೋ ಒಂದು ವೀಣೆ ಮಲಗಿರುತ್ತದೆ. ಅಜ್ಜಿಯದೋ, ಅತ್ತೆಯದೋ, ಮದುವೆಗೆ ಮುಂಚೆ ನುಡಿಸುತ್ತಿದ್ದ ದೊಡ್ಡಕ್ಕನದೋ ಆಗಿರುತ್ತದೆ. ನವರಾತ್ರಿಯಲ್ಲಿ ಕೆಳಗಿಳಿಸಿ, ಧೂಳು ಒರೆಸಿ, ಅರಿಸಿನ ಕುಂಕುಮವಿಟ್ಟು ಸರಸ್ವತಿ ಪೂಜೆ ಮಾಡುತ್ತಾರೆ. ಮಾರನೆಯ ದಿನ ಅದು ಮತ್ತೆ ಮೇಲೇರುತ್ತದೆ. ಮನೆಯ ಹುಡುಗಿಗೆ ಕಲಿಯುವ ಆಸೆ ಹುಟ್ಟಿದಾಗ ಇದೇ ವೀಣೆಗೆ ಹೊಸ ತಂತಿ ಹಾಕಿಸಿ ಪಾಠಕ್ಕೆ ಕಳಿಸುತ್ತಾರೆ. ಮಾಯಾಮಾಳವಗೌಳದ ಸರಳೆ ವರಸೆ ಶುರುವಾಗುತ್ತದೆ. ತಿಂಗಳುಗಟ್ಟಲೆ ನುಡಿಸಿದರೂ ಗಾಂಧಾರ ಶ್ರುತಿಗೆ ಕೂಡುವುದಿಲ್ಲ, ನಿಷಾದ ಎಳೆದಾಡುತ್ತದೆ, ಬೆರಳು ನೋಯುತ್ತದೆ. ಮನೆಯವರು "ಇವಳಿಗೆ ಸ್ವರಜ್ಞಾನ ಇಲ್ಲ ಬಿಡಿ" ಎಂದು ಪಾಠ ನಿಲ್ಲಿಸುತ್ತಾರೆ.

ವೀಣೆ ಪಾಠ ಹೇಳುವವಳಾಗಿ ಹಾಸನದಲ್ಲೂ ಚನ್ನರಾಯಪಟ್ಟಣದಲ್ಲೂ ಇಂಥ ಹುಡುಗಿಯರನ್ನು ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರ ಕಿವಿ ಸರಿಯಾಗಿಯೇ ಇತ್ತು. ಬಾಯಲ್ಲಿ ಹಾಡಿಸಿದರೆ ಸ್ವರ ನೆಟ್ಟಗೆ ಬರುತ್ತಿತ್ತು. ಕೆಟ್ಟಿದ್ದು ವೀಣೆಯ ಮೇಳ. ಅದನ್ನು ಯಾರೂ ನೋಡಿರಲಿಲ್ಲ. ಇವತ್ತು ಆ ಮೇಳದ ವಿಷಯವನ್ನೇ ನಿಮ್ಮ ಮುಂದೆ ಇಡುತ್ತೇನೆ.

ವೀಣೆಯ ದಂಡಿಯ ಎರಡೂ ಅಂಚಿನಲ್ಲಿ ಕಪ್ಪು ಮೇಣದ ಎರಡು ಸಾಲು ಇರುವುದನ್ನು ನೀವು ನೋಡಿರುತ್ತೀರಿ. ಆ ಮೇಣದ ಮೇಲೆ ಅಡ್ಡಲಾಗಿ ಲೋಹದ 24 ಮೆಟ್ಟಿಲುಗಳು ಕೂತಿರುತ್ತವೆ. ಒಂದು ಸ್ಥಾಯಿಗೆ ಹನ್ನೆರಡರಂತೆ ಎರಡು ಸ್ಥಾಯಿಗೆ 24. ಈ ಮೆಟ್ಟಿಲುಗಳಿಗೆ ಮೊಳೆಯಿಲ್ಲ, ಅಂಟಿಲ್ಲ, ಕಟ್ಟಿಲ್ಲ. ಮೇಣ ಹಿಡಿದ ಜಾಗವೇ ಅವುಗಳ ಜಾಗ. ಒಂದೊಂದನ್ನೂ ಅದರ ಸ್ವರಸ್ಥಾನದಲ್ಲಿ, ಅದಕ್ಕೆ ತಕ್ಕ ಎತ್ತರದಲ್ಲಿ ಕೂರಿಸುವ ಕೆಲಸಕ್ಕೆ ಮೇಳ ಕಟ್ಟುವುದು ಎನ್ನುತ್ತಾರೆ.

ಲೆಕ್ಕ ಹೇಳುವುದಾದರೆ ಸುಲಭ. ಬಿರಡೆಗಳ ಕಡೆ ತಂತಿ ಒರಗುವ ಮೇರುವಿನಿಂದ ಕೊಡದ ಮೇಲೆ ತಂತಿ ಹೊತ್ತು ನಿಂತ ಕುದುರೆಯವರೆಗೆ ತಂತಿಯ ಉದ್ದ 32 ಇಂಚು ಎಂದುಕೊಳ್ಳಿ. ಸರಿ ಅರ್ಧಕ್ಕೆ, 16ನೆಯ ಇಂಚಿನಲ್ಲಿ, ತಾರಸ್ಥಾಯಿಯ ಷಡ್ಜ. ಉಳಿದ ಅರ್ಧದ ಅರ್ಧಕ್ಕೆ, 24ನೆಯ ಇಂಚಿನಲ್ಲಿ, ಅದರ ಮೇಲಿನ ಷಡ್ಜ. ಮೇರುವಿನಿಂದ 8 ಇಂಚಿಗೆ ಶುದ್ಧ ಮಧ್ಯಮ, ಮೂರನೆಯ ಒಂದು ಭಾಗಕ್ಕೆ ಪಂಚಮ. ಮೇರುವಿನ ಹತ್ತಿರ ಮೊದಲ ಮೆಟ್ಟಿಲು ಸುಮಾರು 2 ಇಂಚು ದೂರದಲ್ಲಿದ್ದರೆ, ಕುದುರೆಯ ಕಡೆಯ ಕೊನೆಯ ಎರಡು ಮೆಟ್ಟಿಲುಗಳ ನಡುವೆ ಸುಮಾರು ಅರ್ಧ ಇಂಚಷ್ಟೇ ಇರುತ್ತದೆ. ಹಾಗಾದರೆ ಅಳತೆಪಟ್ಟಿ ಹಿಡಿದು ಯಾರು ಬೇಕಾದರೂ ಕೂರಿಸಬಹುದಲ್ಲ ಎಂದು ನೀವು ಕೇಳಬಹುದು. ಆಗುವುದಿಲ್ಲ. ತಂತಿಯನ್ನು ಬೆರಳಿನಿಂದ ಒತ್ತಿದ ಕೂಡಲೇ ಅದು ಹಿಗ್ಗುತ್ತದೆ, ಹಿಗ್ಗಿದ ತಂತಿಯಲ್ಲಿ ಸ್ವರ ಏರುತ್ತದೆ. ತಂತಿಗೂ ಮೆಟ್ಟಿಲಿಗೂ ನಡುವೆ ಎಷ್ಟು ಸಂದು ಇದೆಯೋ ಅಷ್ಟು ಏರಿಕೆ. ಅದನ್ನು ಸರಿದೂಗಿಸಲು ಮೆಟ್ಟಿಲನ್ನು ಲೆಕ್ಕದ ಜಾಗಕ್ಕಿಂತ ಒಂದು ಕೂದಲೆಳೆ ಮೇರುವಿನ ಕಡೆಗೆ ಸರಿಸಬೇಕು. ಆ ಕೂದಲೆಳೆ ಎಷ್ಟು ಎಂಬುದು ಒಂದು ವೀಣೆಯಿಂದ ಇನ್ನೊಂದಕ್ಕೆ ಬೇರೆ, ಒಂದೇ ವೀಣೆಯ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೂ ಬೇರೆ. ಅಲ್ಲಿಂದಾಚೆಗೆ ಪಟ್ಟಿಯ ಕೆಲಸ ಮುಗಿದು ಕಿವಿಯ ಕೆಲಸ ಶುರುವಾಗುತ್ತದೆ.

ಇದರ ಜೊತೆಗೆ ದಂಡಿಯ ಪಾಡೊಂದಿದೆ. ಏಳು ತಂತಿಗಳು ಹಗಲಿರುಳು ಎಳೆಯುತ್ತಿದ್ದರೆ ಎಂಥ ಮರವಾದರೂ ವರ್ಷಗಳಲ್ಲಿ ಸ್ವಲ್ಪ ಬಾಗುತ್ತದೆ. ಗಿಟಾರಿನವರು ಇದಕ್ಕೆ ಬೇರೆ ದಾರಿ ಹುಡುಕಿಕೊಂಡಿದ್ದಾರೆ. 1920ರ ದಶಕದಲ್ಲಿ ಅಮೆರಿಕದ ಗಿಬ್ಸನ್ ಕಂಪನಿ ಗಿಟಾರಿನ ಕುತ್ತಿಗೆಯೊಳಗೆ ಉಕ್ಕಿನ ಒಂದು ಸಲಾಕೆ ಇಟ್ಟಿತು, ಅದೇ ಟ್ರಸ್ ರಾಡ್. ಕುತ್ತಿಗೆ ಮುಂದಕ್ಕೆ ಬಾಗಿದರೆ ಕೀಲಿಯಿಂದ ಆ ಸಲಾಕೆಯನ್ನು ಕಾಲು ಸುತ್ತು ಬಿಗಿಮಾಡುತ್ತಾರೆ, ಹಿಂದಕ್ಕೆ ಬಾಗಿದರೆ ಸಡಿಲಿಸುತ್ತಾರೆ. ಹಾಸನದ ಹುಡುಗರು ಈಗ ಗಿಟಾರನ್ನೂ ಕಲಿಯುತ್ತಿದ್ದಾರೆ, ಇದು ಅವರಿಗೆ ಗೊತ್ತಿರುವ ವಿಷಯ. ನಮ್ಮ ವೀಣೆಯ ದಂಡಿಯಲ್ಲಿ ಅಂಥ ಸಲಾಕೆ ಇಲ್ಲ. ದಂಡಿ ಬಾಗಿದ್ದರೆ ಬಾಗಿದಂತೆಯೇ ಇರುತ್ತದೆ. ಎಲ್ಲಿ ತಗ್ಗಿದೆಯೋ ಅಲ್ಲಿ ಮೇಣ ದಪ್ಪ, ಎಲ್ಲಿ ಉಬ್ಬಿದೆಯೋ ಅಲ್ಲಿ ಮೇಣ ತೆಳು. ಮರದ ವಕ್ರವನ್ನೆಲ್ಲ ಮೇಣ ನುಂಗಿಕೊಂಡು ಮೆಟ್ಟಿಲುಗಳ ನೆತ್ತಿಯನ್ನು ಒಂದು ಸಾಲಿಗೆ ತರುತ್ತದೆ. ಇದನ್ನು ಹಳೆಯ ಕಾಲದ ಕೊರತೆ ಎಂದು ನೋಡುವವರಿದ್ದಾರೆ, ನಾನು ಒಪ್ಪುವುದಿಲ್ಲ. ಗಿಟಾರಿನ ಒಂದು ಮೆಟ್ಟಿಲನ್ನು ಅದರ ಜಾಗದಿಂದ ಎಳೆಯಷ್ಟು ಸರಿಸಬೇಕೆಂದರೆ ಸಾಧ್ಯವಿಲ್ಲ. ವೀಣೆಯಲ್ಲಿ ಯಾವ ಮೆಟ್ಟಿಲನ್ನು ಬೇಕಾದರೂ ಬಿಸಿ ಕಬ್ಬಿಣ ತಾಗಿಸಿ ಸರಿಸಬಹುದು, ಏರಿಸಬಹುದು, ಇಳಿಸಬಹುದು. ಆದರೆ ಅದಕ್ಕೆ ಬಲ್ಲವರ ಕೈ ಬೇಕು.

ಅಂಥ ಒಂದು ಕೈಯನ್ನು ಹೊಳೆನರಸೀಪುರದ ಒಂದು ಮನೆಯ ಪಡಸಾಲೆಯಲ್ಲಿ ಹತ್ತಿರ ಕೂತು ನೋಡಿದೆ. ಮೈಸೂರಿನಿಂದ ರೈಲಿನಲ್ಲಿ ಬಂದಿದ್ದ ಹಿರಿಯರು. ನಾನು ತಂತಿ ಸಡಿಲಿಸಲು ಬಿರಡೆಗೆ ಕೈ ಹಾಕಿದೆ. "ಇಳಿಸಬೇಡೀಮ್ಮಾ, ಎಳೆತ ಇದ್ದಾಗಲೇ ದಂಡಿ ನಿಜ ಹೇಳೋದು" ಅಂದರು. ಶ್ರುತಿ ಮಾಡಿದ ವೀಣೆಯನ್ನು ಎತ್ತಿ, ಒಂದು ಕಣ್ಣು ಮುಚ್ಚಿ, ಕುದುರೆಯ ಕಡೆಯಿಂದ ಮೇರುವಿನವರೆಗೆ ದಂಡಿಯುದ್ದಕ್ಕೂ ನೋಡಿದರು. ಕೊಡಕ್ಕೂ ದಂಡಿಗೂ ಸೇರುವ ಬೆಸುಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕೇಳಿದರು. ಕೊಡ, ದಂಡಿ, ಯಾಳಿಮುಖ ಬೇರೆ ಬೇರೆ ಮಾಡಿ ಸೇರಿಸಿದ ವೀಣೆಯಲ್ಲಿ ಆ ಬೆಸುಗೆ ಬಿಟ್ಟಿದ್ದರೆ ಮೇಳ ಎಷ್ಟು ಸಲ ಕಟ್ಟಿದರೂ ನಿಲ್ಲುವುದಿಲ್ಲ. ಒಂದೇ ದಿಮ್ಮಿಯಲ್ಲಿ ಕೊರೆದ ಏಕಾಂಡ ವೀಣೆಗೆ ಈ ಭಯ ಇಲ್ಲ. ಆ ಮನೆಯದು ಸೇರಿಸಿ ಮಾಡಿದ ವೀಣೆ, ಬೆಸುಗೆ ಗಟ್ಟಿಯಾಗಿತ್ತು. ಆಮೇಲೆ ತಂತಿ ಇಳಿಸಿದರು.

ಹಳೆಯ ಮೇಣವನ್ನು ಕೆರೆದು ತೆಗೆದರು. ಮೆಟ್ಟಿಲುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ವರ್ಷಗಟ್ಟಲೆ ತಂತಿ ಉಜ್ಜಿದ ಜಾಗದಲ್ಲಿ ಗೀರು ಬಿದ್ದಿರುತ್ತದೆ. ಆ ಗೀರಿನಲ್ಲಿ ತಂತಿ ಸಿಕ್ಕಿಕೊಂಡರೆ ಗಮಕ ಎಳೆಯುವಾಗ ನಾದ ಕಡಿದುಹೋಗುತ್ತದೆ. ಅಂಥವನ್ನು ಅರದಿಂದ ಉಜ್ಜಿ ನಯ ಮಾಡಿದರು. ಜೇನುಮೇಣಕ್ಕೆ ಕಪ್ಪು ಬೆರೆಸಿ ಕಾಸಿದ್ದರು. ಅದು ಹೋಳಿಗೆಯ ಕಣಕದ ಹದಕ್ಕೆ ಬರುವವರೆಗೆ ನಾದಿ, ಉದ್ದಕ್ಕೆ ಹೊಸೆದು, ದಂಡಿಯ ಎರಡೂ ಅಂಚಿಗೆ ಕೂರಿಸಿದರು. ಮೇಣ ತೀರ ಮೆತ್ತಗಾದರೆ ಬೇಸಿಗೆಯಲ್ಲಿ ಮೆಟ್ಟಿಲು ಕುಸಿಯುತ್ತದೆ, ತೀರ ಗಟ್ಟಿಯಾದರೆ ಬಿರುಕು ಬಿಟ್ಟು ಮೆಟ್ಟಿಲನ್ನು ಬಿಟ್ಟುಕೊಡುತ್ತದೆ.

ಆಮೇಲೆ ಮೆಟ್ಟಿಲುಗಳನ್ನು ಅಂದಾಜಿಗೆ ಊರಿ, ತಂತಿ ಏರಿಸಿ, ತಂಬೂರಿ ಶ್ರುತಿ ಹಾಕಿದರು. ಷಡ್ಜಕ್ಕೆ ಕೂಡಿಸುವ ಮೊದಲ ತಂತಿಯಾದ ಸಾರಣಿಯನ್ನು ಮೀಟುವುದು, ಕಿವಿಗೊಡುವುದು, ಬಿಸಿ ಕಬ್ಬಿಣದ ತುದಿಯನ್ನು ಮೇಣಕ್ಕೆ ಮುಟ್ಟಿಸುವುದು, ಹೆಬ್ಬೆರಳಿನಿಂದ ಮೆಟ್ಟಿಲನ್ನು ಒಂದಿಷ್ಟು ನೂಕುವುದು, ಮೇಣ ಆರುವವರೆಗೆ ಕಾಯುವುದು, ಮತ್ತೆ ಮೀಟುವುದು. ಮೊದಲು ತಾರ ಷಡ್ಜ, ಆಮೇಲೆ ಪಂಚಮ, ಮಧ್ಯಮ. ಈ ಆಧಾರಗಳು ನಿಂತ ಮೇಲೆ ಉಳಿದವು. ಒಂದು ಮೆಟ್ಟಿಲು ಸಾರಣಿಯಲ್ಲಿ ಸರಿ ಎನಿಸಿದರೆ ಸಾಲದು, ಪಂಚಮದ ತಂತಿಯಲ್ಲೂ ಮಂದ್ರ ಅನುಮಂದ್ರಗಳಲ್ಲೂ ಅದೇ ಮೆಟ್ಟಿಲು ಆಯಾ ತಂತಿಯ ಸ್ವರಕ್ಕೆ ಆಸರೆಯಾಗಬೇಕು. ಸಾರಣಿಯ ಚತುಶ್ರುತಿ ರಿಷಭದ ಮೆಟ್ಟಿಲೇ ಪಂಚಮದ ತಂತಿಯಲ್ಲಿ ಧೈವತ. ಒಂದಕ್ಕೆ ಪೂರ್ತಿ ಒಪ್ಪಿದ್ದು ಇನ್ನೊಂದಕ್ಕೆ ಪೂರ್ತಿ ಒಪ್ಪುವುದಿಲ್ಲ. ಆ ಹಿರಿಯರು ಆ ಒಂದು ಮೆಟ್ಟಿಲಿನ ಮುಂದೆ ಬಹಳ ಹೊತ್ತು ಕೂತರು. ಮನೆಯವರು ಕಾಫಿ ತಂದಿಟ್ಟರು, ಅದು ಆರಿ ಹೋಯಿತು. ಬೆಳಗ್ಗೆ ಕೂತವರು ದೀಪ ಹಚ್ಚುವ ಹೊತ್ತಿಗೆ ಮೊದಲ ಸ್ಥಾಯಿಯನ್ನಷ್ಟೇ ಮುಗಿಸಿದ್ದರು.

ಮಧ್ಯೆ ಮನೆಯ ಹುಡುಗ ಮೊಬೈಲಿನಲ್ಲಿ ಶ್ರುತಿ ಅಳೆಯುವ ಟ್ಯೂನರ್ ತೆರೆದು ತೋರಿಸಿದ. ಇದರ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಈಗ ಎಲ್ಲರ ಕೈಯಲ್ಲೂ ಅದಿದೆ. ಟ್ಯೂನರ್ ಒಂದು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡುತ್ತದೆ. ನಮ್ಮ ಅಂತರ ಗಾಂಧಾರ ತಂಬೂರಿಯ ಷಡ್ಜದೊಳಗಿಂದ ತಾನಾಗಿ ಹೊಮ್ಮುವ ಸ್ವರ. ತಂತಿಯ ಐದನೆಯ ಒಂದು ಪಾಲಿಗೆ ಅದರ ಜಾಗ. 32 ಇಂಚಿನ ತಂತಿಯಲ್ಲಿ ಟ್ಯೂನರ್ ಹೇಳುವ ಗಾಂಧಾರ ಇದಕ್ಕಿಂತ ಸುಮಾರು 5 ಮಿಲಿಮೀಟರ್ ಕುದುರೆಯ ಕಡೆಗೆ ಬೀಳುತ್ತದೆ. 5 ಮಿಲಿಮೀಟರ್ ಎಂದರೆ ವೀಣೆಯಲ್ಲಿ ಸಣ್ಣ ಮಾತಲ್ಲ. ತಂಬೂರಿಯ ಜೊತೆ ಕೂತರೆ ಆ ಗಾಂಧಾರ ಏರಿದ್ದು ಮಗುವಿಗೂ ತಿಳಿಯುತ್ತದೆ. ಷಡ್ಜ ಪಂಚಮ ನೋಡಿಕೊಳ್ಳಲು ಟ್ಯೂನರ್ ಇರಲಿ, ಮೇಳಕ್ಕೆ ಅದನ್ನು ನಂಬಬೇಡಿ.

ಈ ಮೇಣದ ಕೆಲಸ ಎಷ್ಟು ಹಳೆಯದು ಎಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯಲ್ಲಿ ಕೂತು 'ಸಂಗೀತರತ್ನಾಕರ' ಬರೆದ ಶಾರ್ಙ್ಗದೇವ ಕಿನ್ನರಿ ವೀಣೆಗೆ ಮೆಟ್ಟಿಲು ಕೂರಿಸುವ ಬಗೆಯನ್ನು ಹೇಳುತ್ತಾನೆ: ಹದ್ದಿನ ಎಲುಬಿನ ಇಲ್ಲವೇ ಲೋಹದ ಮೆಟ್ಟಿಲು, ಅದನ್ನು ಹಿಡಿಯಲು ಬಟ್ಟೆ ಸುಟ್ಟ ಮಸಿ ಬೆರೆಸಿದ ಮೇಣ. ಅದೇ ಕಾಲದಲ್ಲಿ, 1246ರಲ್ಲಿ, ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಲಕ್ಷ್ಮೀನರಸಿಂಹ ದೇವಾಲಯ ಎದ್ದಿತು. ಬೈಚೋಜ, ಮಲ್ಲಿತಮ್ಮರು ಅಲ್ಲಿ ಉಳಿ ಹಿಡಿದಿದ್ದರು. ಹೊಯ್ಸಳರ ಆ ಕಲ್ಲು ನಮಗೆ ಉಳಿದಿದೆ. ಆ ಕಾಲದ ಮೇಣ ಯಾವತ್ತೋ ಕರಗಿಹೋದರೂ ಅದನ್ನು ಹದ ಮಾಡುವ ವಿದ್ಯೆ ಕೈಯಿಂದ ಕೈಗೆ ಬಂದು ಹೊಳೆನರಸೀಪುರದ ಪಡಸಾಲೆ ಮುಟ್ಟಿದೆ.

ವೀಣೆಗೆ ಇಂದಿನ 24 ಮೆಟ್ಟಿಲುಗಳು ನೆಲೆಯಾಗಿ ನಿಂತದ್ದು ಆಮೇಲೆ. ವಿಜಯನಗರದ ರಾಮಾಮಾತ್ಯ 1550ರ ತನ್ನ 'ಸ್ವರಮೇಳಕಲಾನಿಧಿ'ಯಲ್ಲಿ ಎರಡು ಬಗೆಯ ಮೇಳ ಹೇಳುತ್ತಾನೆ. ಒಂದು ರಾಗಕ್ಕೆ ಬೇಕಾದ ಮೆಟ್ಟಿಲುಗಳನ್ನಷ್ಟೇ ಕೂರಿಸುವುದು ಏಕರಾಗ ಮೇಳ, ಎಲ್ಲ ರಾಗಕ್ಕೂ ಒದಗುವಂತೆ ಕೂರಿಸುವುದು ಸರ್ವರಾಗ ಮೇಳ. ಮುಂದೆ ಹದಿನೇಳನೆಯ ಶತಮಾನದಲ್ಲಿ ತಂಜಾವೂರಿನ ರಘುನಾಥ ನಾಯಕನ ಆಸ್ಥಾನದಲ್ಲಿ, ಕನ್ನಡ ಮೂಲದ ಗೋವಿಂದ ದೀಕ್ಷಿತರು ಮಂತ್ರಿಯಾಗಿದ್ದ ಕಾಲಕ್ಕೆ, ಸರ್ವರಾಗ ಮೇಳ ಗಟ್ಟಿಯಾಯಿತು. ರಾಗ ಬದಲಾದಾಗ ಮೆಟ್ಟಿಲು ಸರಿಸುವ ಕಷ್ಟ ತಪ್ಪಿತು. ಆದರೆ ಮೇಳ ಕಟ್ಟುವವನ ಹೊಣೆ ಹೆಚ್ಚಿತು. ಅವನು ಒಮ್ಮೆ ಕೂರಿಸಿದ್ದು ಎಲ್ಲ ರಾಗಗಳಿಗೂ ಸಲ್ಲಬೇಕಾಯಿತು.

ಈ ಹೊಣೆ ಮೈಸೂರು ಬಾನಿಯಲ್ಲಿ ಇನ್ನೂ ಹೆಚ್ಚು. ವೀಣೆ ಶೇಷಣ್ಣನವರಿಂದ ವೆಂಕಟಗಿರಿಯಪ್ಪನವರಿಗೆ, ಅವರಿಂದ ವಿ. ದೊರೆಸ್ವಾಮಿ ಅಯ್ಯಂಗಾರರಿಗೆ ಬಂದ ಬಾನಿ ಅದು. ಅಲ್ಲಿ ಮೀಟು ಬಿಡಿಬಿಡಿ, ಸ್ವರ ಮೆಟ್ಟಿಲಿನ ಮೇಲೆ ನೇರ ನಿಲ್ಲುತ್ತದೆ. ತಂತಿಯನ್ನು ಎಳೆದೇ ಸ್ವರ ಹುಡುಕುವ ಬಾನಿಯಲ್ಲಿ ಮೆಟ್ಟಿಲಿನ ಸಣ್ಣ ತಪ್ಪನ್ನು ಬೆರಳು ಮುಚ್ಚಿಕೊಳ್ಳಬಹುದು. ಸ್ವರವನ್ನು ಬೆತ್ತಲೆ ನಿಲ್ಲಿಸುವ ಬಾನಿಯಲ್ಲಿ ಆ ಮರೆ ಇಲ್ಲ. ದೊರೆಸ್ವಾಮಿ ಅಯ್ಯಂಗಾರರು ನಮ್ಮವರು, ಹಾಸನ ಜಿಲ್ಲೆಯ ಗದ್ದವಳ್ಳಿಯಲ್ಲಿ 1920ರಲ್ಲಿ ಹುಟ್ಟಿದವರು. ಅದೇ 1920ರಲ್ಲಿ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಲ್ಲಿ ಆರ್.ಕೆ. ಶ್ರೀಕಂಠನ್ ಹುಟ್ಟಿದರು. ಇಬ್ಬರೂ ಆಕಾಶವಾಣಿಯಲ್ಲಿ ಕೆಲಸ ಮಾಡಿದರು, ಇಬ್ಬರಿಗೂ ಮದರಾಸಿನ ಸಂಗೀತ ಕಲಾನಿಧಿ ಬಿರುದು ಬಂತು. ಕಾವೇರಿ ದಂಡೆಯ ರುದ್ರಪಟ್ಟಣವಂತೂ ಸಂಗೀತಗಾರರ ಊರೆಂದೇ ನಾಡಿಗೆಲ್ಲ ಗೊತ್ತು. ಶ್ರೀಕಂಠನ್ ಅವರ ಅಣ್ಣ ಆರ್.ಕೆ. ವೆಂಕಟರಾಮ ಶಾಸ್ತ್ರಿಗಳು ಪಿಟೀಲಿನಲ್ಲಿ ದೊಡ್ಡ ಹೆಸರು. ಆರ್.ಕೆ. ಪದ್ಮನಾಭ ಅವರು ಅಲ್ಲಿ ತಂಬೂರಿಯ ಆಕಾರದಲ್ಲೇ ಸಪ್ತಸ್ವರ ದೇವತಾ ಧ್ಯಾನ ಮಂದಿರ ಕಟ್ಟಿಸಿದ್ದಾರೆ. ಇಷ್ಟೆಲ್ಲ ಸಂಗೀತ ಹುಟ್ಟಿದ ಜಿಲ್ಲೆಯಲ್ಲಿ ಒಂದು ವೀಣೆಯ ಮೇಳ ಕೆಟ್ಟರೆ ಹೆಚ್ಚಿನವರು ಇಂದಿಗೂ ಮೈಸೂರಿಗೋ ಬೆಂಗಳೂರಿಗೋ ಹೊತ್ತೊಯ್ಯುತ್ತಾರೆ. ನನ್ನ ಮನಸ್ಸಿಗೆ ಇದು ತುಂಬ ನೋವಿನ ಸಂಗತಿ.

ಬೇರೆ ವಾದ್ಯಗಳ ಮಾತು ಬೇರೆ. ಪಿಟೀಲಿಗೆ ಮೆಟ್ಟಿಲಿಲ್ಲ, ಹಾಗಾಗಿ ಮೇಳದ ಪಾಡೂ ಇಲ್ಲ. ಆದರೂ ಶ್ರುತಿ ಮಾಡುತ್ತ ಮಾಡುತ್ತ ಅದರ ಕುದುರೆ ಬಿರಡೆಯ ಕಡೆಗೆ ವಾಲುತ್ತದೆ, ಆಗಾಗ ನೋಡಿ ನೆಟ್ಟಗೆ ಮಾಡಬೇಕು. ತಂಬೂರಿಯಲ್ಲಿ ಕುದುರೆಗೂ ತಂತಿಗೂ ನಡುವೆ ಇಡುವ ನೂಲಿನ ಎಳೆ, ನಾವು ಜೀವ ಎನ್ನುವುದು, ಅದು ಕೂದಲಷ್ಟು ಸರಿದರೂ ಝೇಂಕಾರ ಆರಿಹೋಗುತ್ತದೆ. ಈ ಎರಡು ಕೆಲಸಗಳನ್ನೂ ಆಯಾ ವಾದ್ಯ ನುಡಿಸುವವರೇ ಕಲಿತುಕೊಳ್ಳಬಹುದು.

ವೀಣೆಯ ಮೇಳ ಕೆಟ್ಟಿರುವುದನ್ನು ಮನೆಯಲ್ಲೇ ಪತ್ತೆ ಮಾಡುವುದು ಹೇಗೆ? ತಂಬೂರಿ ಹಾಕಿ, ಸಾರಣಿಯನ್ನು ಷಡ್ಜಕ್ಕೆ ಕೂಡಿಸಿ, ಹನ್ನೆರಡನೆಯ ಮೆಟ್ಟಿಲು ಒತ್ತಿ ಮೀಟಿ. ತಾರ ಷಡ್ಜ ಶ್ರುತಿಯೊಳಗೆ ಕರಗಬೇಕು. ಕರಗದಿದ್ದರೆ ಕುದುರೆ ಜರುಗಿದೆಯೋ ನೋಡಿ. ಬಸ್ಸಿನಲ್ಲಿ ತಂದ ವೀಣೆಗಳಲ್ಲಿ ಇದು ಸಾಮಾನ್ಯ. ಕುದುರೆ ಜಾಗದಲ್ಲೇ ಇದ್ದರೆ ತಪ್ಪು ಮೇಳದ್ದು. ಆಮೇಲೆ ಮೊದಲ ಮೆಟ್ಟಿಲಿನಿಂದ ಒಂದೊಂದನ್ನೇ ಒತ್ತುತ್ತ ಬನ್ನಿ. ಎಲ್ಲಾದರೂ ತಂತಿ ಕರಕರ ಎಂದರೆ ಆ ಮೆಟ್ಟಿಲು ಕುಸಿದಿದೆ, ತಂತಿ ಅದರ ಮುಂದಿನದಕ್ಕೆ ತಾಗುತ್ತಿದೆ ಎಂದರ್ಥ. ಒತ್ತಲು ವಿಪರೀತ ಬಲ ಬೇಕಾದರೆ ಸಂದು ಹೆಚ್ಚಾಗಿದೆ, ಸ್ವರವೂ ಏರಿರುತ್ತದೆ. ಹೆಚ್ಚು ನುಡಿಸುವ ಮೆಟ್ಟಿಲುಗಳೇ ಮೊದಲು ಕುಸಿಯುವುದು. ಸರಳೆ ವರಸೆ ಕಲಿಯುವ ಮಗುವಿಗೆ ಮಾಯಾಮಾಳವಗೌಳದ ಒಂದು, ನಾಲ್ಕು, ಐದು, ಏಳು, ಎಂಟು, ಹನ್ನೊಂದು, ಹನ್ನೆರಡನೆಯ ಮೆಟ್ಟಿಲುಗಳೇ ಪ್ರಪಂಚ. ಕನಿಷ್ಠ ಆ ಏಳು ಸರಿಯಾಗಿಲ್ಲದೆ ಪಾಠ ಶುರುಮಾಡಬೇಡಿ. ನಾನು ಹೊಸ ಶಿಷ್ಯೆ ಬಂದರೆ ಮೊದಲು ಅವಳ ವೀಣೆಯನ್ನು ನಾನೇ ನುಡಿಸಿ ನೋಡುತ್ತೇನೆ. ಪಾಠ ಹೇಳುವ ಎಲ್ಲರೂ ಹೀಗೆ ಮಾಡುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ನಮ್ಮ ಜಿಲ್ಲೆಯ ಹವೆಯೂ ಒಂದೇ ತೆರನಲ್ಲ. ಮಲೆನಾಡಿನ ಸೆರಗಿನ ಊರುಗಳಲ್ಲಿ ಮಳೆಗಾಲದ ತೇವಕ್ಕೆ ಮರ ಊದಿ ಬಿರಡೆ ತಿರುಗುವುದೇ ಇಲ್ಲ. ಚನ್ನರಾಯಪಟ್ಟಣದ ಕಡೆಯ ಬೇಸಿಗೆಯಲ್ಲಿ ಅದೇ ಬಿರಡೆ ನಿಲ್ಲದೆ ಜಾರುತ್ತದೆ. ಜಾರುವ ಬಿರಡೆಗೆ ಸ್ವಲ್ಪ ಸೀಮೆಸುಣ್ಣ ಉಜ್ಜಿದರೆ ಸಾಕು, ಸುತ್ತಿಗೆಯಿಂದ ಹೊಡೆಯಬೇಡಿ. ವೀಣೆಯನ್ನು ಬಿಸಿಲು ಬೀಳುವ ಕಿಟಕಿಯ ಬಳಿಯಾಗಲಿ, ನಿಲ್ಲಿಸಿದ ಕಾರಿನೊಳಗಾಗಲಿ ಇಡಬೇಡಿ, ಮೇಣ ಕರಗಿ ಎಲ್ಲ ಮೆಟ್ಟಿಲೂ ಒಂದೇ ಮಧ್ಯಾಹ್ನದಲ್ಲಿ ಜಾರಬಹುದು. ಗೋಡೆಗೆ ಒರಗಿಸಬೇಡಿ, ಚಾಪೆಯ ಮೇಲೆ ಮಲಗಿಸಿ. ತಿಂಗಳುಗಟ್ಟಲೆ ನುಡಿಸುವುದಿಲ್ಲ ಎಂದಾದರೆ ತಂತಿಗಳನ್ನು ಸ್ವಲ್ಪ ಸಡಿಲಿಸಿ ಇಡಿ, ದಂಡಿಗೆ ಬಿಡುವು ಸಿಗುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ಹಲಸಿನ ಮರದಿಂದ ವೀಣೆ ಮಾಡುವ ಕುಟುಂಬಗಳಿವೆ, ಮೈಸೂರಿನಲ್ಲೂ ಈ ಕಸುಬಿನವರು ಇದ್ದಾರೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸಂಗೀತ ಶಾಲೆಗಳೂ ಗಾನಸಭೆಗಳೂ ಕೂಡಿಕೊಂಡು, ಪ್ರತಿ ವರ್ಷ ಮಳೆಗಾಲ ಮುಗಿದು ನವರಾತ್ರಿ ಬರುವ ಮೊದಲು, ಮೇಳ ಕಟ್ಟುವ ಒಬ್ಬರನ್ನು ಕರೆಸಿ ಊರೂರಿನಲ್ಲಿ ನಾಲ್ಕು ದಿನ ಕೂರಿಸಲಿ. ಅವರಿಗೆ ಕೆಲಸಕ್ಕೆ ತಕ್ಕ ಕೂಲಿ, ಊಟ, ವಸತಿ ಕೊಡಲಿ. ಆಯಾ ಊರಿನ ಬಡಗಿ ಮನೆತನದ ಹುಡುಗನನ್ನೋ, ಒಳ್ಳೆಯ ಕಿವಿಯುಳ್ಳ ವೀಣೆಯ ವಿದ್ಯಾರ್ಥಿನಿಯನ್ನೋ ಅವರ ಪಕ್ಕದಲ್ಲಿ ಕೂರಿಸಿ ಈ ಕೆಲಸ ಕಲಿಸಲಿ. ಅಟ್ಟದ ಮೇಲೆ ವೀಣೆ ಇರುವ ಮನೆಯವರು ಈ ಸಲ ಅದನ್ನು ಪೂಜೆಗಿಂತ ಒಂದು ತಿಂಗಳು ಮೊದಲೇ ಕೆಳಗಿಳಿಸಿ, ಮೇಳ ತೋರಿಸಿ.